ಪದಕದ ಪುಸ್ತಕಗಳಲ್ಲಿ ಕಾಣಿಸದ ಮಕ್ಕಳು

ಅಮೆರಿಕದ ಮಕ್ಕಳ ಸಾಹಿತ್ಯದ ಎರಡು ಹಳೆಯ ಗೌರವಗಳಾದ ನ್ಯೂಬೆರಿ ಮತ್ತು ಕಾಲ್ಡೆಕಾಟ್ ಪದಕಗಳನ್ನು ನೀಡುವುದು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ನ ಮಕ್ಕಳ ವಿಭಾಗ. ನ್ಯೂಬೆರಿ 1922ರಲ್ಲಿ ಆರಂಭವಾಯಿತು, ಚಿತ್ರಪುಸ್ತಕಗಳಿಗೆ ಮೀಸಲಾದ ಕಾಲ್ಡೆಕಾಟ್ 1938ರಲ್ಲಿ. ಪದಕ ಬಂದ ಪುಸ್ತಕವನ್ನು ಗ್ರಂಥಾಲಯಗಳು ಕೊಳ್ಳುತ್ತವೆ, ಶಾಲೆಗಳು ಓದಿಸುತ್ತವೆ, ಪ್ರಕಾಶಕರು ದಶಕಗಳ ಕಾಲ ಮರುಮುದ್ರಿಸುತ್ತಾರೆ. ಹೀಗಾಗಿ ಕಳೆದ ಶತಮಾನದ ನಡುಭಾಗದ ಆ ಪಟ್ಟಿಯಲ್ಲಿ ಕಪ್ಪು ಮಕ್ಕಳು ಕಾಣದೇ ಹೋದದ್ದರ ಪರಿಣಾಮ ಹಲವು ತಲೆಮಾರುಗಳ ಓದಿನ ಮೇಲಾಯಿತು.

1928ರಲ್ಲಿಯೇ ಬಂಗಾಳದಲ್ಲಿ ಹುಟ್ಟಿದ ಧನಗೋಪಾಲ ಮುಖರ್ಜಿ ಅವರು ಒಂದು ಪಾರಿವಾಳದ ಕಥೆಗಾಗಿ ನ್ಯೂಬೆರಿ ಪದಕ ಪಡೆದಿದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ. ಆದರೆ ಕಪ್ಪು ವರ್ಣೀಯ ಲೇಖಕರೊಬ್ಬರಿಗೆ ಆ ಪದಕ ಸಿಗಲು 1975ರವರೆಗೆ ಕಾಯಬೇಕಾಯಿತು. ಕಪ್ಪು ಕಥಾನಾಯಕರೇ ಇರಲಿಲ್ಲವೆಂದಲ್ಲ. 1951ರಲ್ಲಿ ಪದಕ ಗಳಿಸಿದ ಎಲಿಜಬೆತ್ ಯೇಟ್ಸ್ ಅವರ 'ಏಮಸ್ ಫಾರ್ಚ್ಯೂನ್, ಫ್ರೀ ಮ್ಯಾನ್' ಗುಲಾಮಗಿರಿಯಿಂದ ಬಿಡುಗಡೆ ಪಡೆದ ನಿಜವಾದ ವ್ಯಕ್ತಿಯೊಬ್ಬನ ಜೀವನಕಥೆ. ಆತನ ತಾಳ್ಮೆಯನ್ನು ಅಷ್ಟು ಕೊಂಡಾಡುವ ಪುಸ್ತಕದಲ್ಲಿ ಆತನ ಸಿಟ್ಟಿಗೆ ಎಡೆ ತೀರ ಕಡಿಮೆ, ಮತ್ತು ಅದನ್ನು ದೊಡ್ಡ ಕೊರತೆಯೆಂದೇ ನಾನು ಎಣಿಸುತ್ತೇನೆ.

ಮೂಲನಿವಾಸಿಗಳ ವಿಷಯದಲ್ಲಿ ಸ್ಥಿತಿ ಇನ್ನೂ ಸ್ಪಷ್ಟ. ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಒಂದು ಸರಣಿಯ ಐದು ಪುಸ್ತಕಗಳು ನ್ಯೂಬೆರಿಯ ಗೌರವಪಟ್ಟಿ, ಅಂದರೆ ಪದಕಕ್ಕೆ ಸನಿಹ ಬಂದವುಗಳ ಪಟ್ಟಿ, ಸೇರಿದ್ದವು. ಅದೇ ಸರಣಿಯ, 1935ರಲ್ಲಿ ಬಂದ 'ಲಿಟಲ್ ಹೌಸ್ ಆನ್ ದ ಪ್ರೇರಿ'ಯ ಮೊದಲ ಅಧ್ಯಾಯದಲ್ಲಿ ಪಶ್ಚಿಮದ ಬಯಲಿನಲ್ಲಿ ಜನರೇ ಇಲ್ಲ, ಇಂಡಿಯನ್ನರು (ಅಂದರೆ ಅಮೆರಿಕದ ಮೂಲನಿವಾಸಿಗಳು) ಮಾತ್ರ ಇದ್ದಾರೆ ಎಂಬರ್ಥದ ಮಾತಿತ್ತು. 1952ರಲ್ಲಿ ಓದುಗರೊಬ್ಬರು ಆಕ್ಷೇಪಿಸಿ ಪತ್ರ ಬರೆದ ಮೇಲೆ, ಮರುವರ್ಷದ ಆವೃತ್ತಿಯಲ್ಲಿ 'ಜನರು' ಎಂಬಲ್ಲಿ 'ವಲಸೆ ನೆಲೆಸಿದವರು' ಎಂದು ತಿದ್ದಲಾಯಿತು. ಹದಿನೆಂಟು ವರ್ಷ ಆ ಸಾಲು ಹಾಗೆಯೇ ಅಚ್ಚಾಗುತ್ತ ಬಂದಿತ್ತು.

ಆ ಹೊಸ ಆವೃತ್ತಿಗೆ ಚಿತ್ರ ಬರೆದ ಗಾರ್ತ್ ವಿಲಿಯಮ್ಸ್ ಅವರೇ 1958ರಲ್ಲಿ ಒಂದು ಕಪ್ಪು ಮೊಲ ಮತ್ತು ಒಂದು ಬಿಳಿ ಮೊಲದ ಮದುವೆಯ ಕಥೆಯನ್ನು ಪ್ರಕಟಿಸಿದಾಗ, ಅಲಬಾಮಾದ ವರ್ಣಭೇದವಾದಿಗಳು ಅದರ ವಿರುದ್ಧ ಎದ್ದರು. ರಾಜ್ಯದ ಗ್ರಂಥಾಲಯ ಸೇವೆಯ ಮುಖ್ಯಸ್ಥೆ ಎಮಿಲಿ ರೀಡ್ ಆ ಪುಸ್ತಕವನ್ನು ಕೇಳಿದವರಿಗೆ ಮಾತ್ರ ಕೊಡುವ ಕಪಾಟಿಗೆ ಸೇರಿಸಬೇಕಾಗಿ ಬಂದರೂ ಸಂಪೂರ್ಣವಾಗಿ ತೆಗೆದುಹಾಕಲು ಒಪ್ಪಲಿಲ್ಲ. ದಕ್ಷಿಣದ ಮಾರುಕಟ್ಟೆ ಕೈತಪ್ಪೀತೆಂಬ ಪ್ರಕಾಶಕರ ಅಂಜಿಕೆ ಎಂಥದೆಂದು ಇದರಿಂದ ಊಹಿಸಬಹುದು. ಪದಕ ಸಮಿತಿ ಆರಿಸಬೇಕಾದದ್ದು ಅಚ್ಚಾದ ಪುಸ್ತಕಗಳಿಂದಲೇ ಅಲ್ಲವೇ?

1963ರಲ್ಲಿ ಎಜ್ರಾ ಜ್ಯಾಕ್ ಕೀಟ್ಸ್ ಅವರ 'ದ ಸ್ನೋಯಿ ಡೇ'ಗೆ ಕಾಲ್ಡೆಕಾಟ್ ಬಂತು. ಬ್ರೂಕ್ಲಿನ್‌ನ ಬಡ ಯೆಹೂದಿ ವಲಸಿಗರ ಮಗನಾದ ಕೀಟ್ಸ್, 1940ರ ಲೈಫ್ ಪತ್ರಿಕೆಯಿಂದ ಪುಟ್ಟ ಕಪ್ಪು ಹುಡುಗನೊಬ್ಬನ ಚಿತ್ರಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಆ ಹುಡುಗನೇ ಕೆಂಪು ಉಡುಪು ತೊಟ್ಟು ಹಿಮದಲ್ಲಿ ಆಡುವ ಪೀಟರ್ ಆದ. ಬಣ್ಣದ ಕಾಗದದ ತುಂಡುಗಳನ್ನು ಅಂಟಿಸಿ, ರಬ್ಬರಿನಲ್ಲಿ ಕೊರೆದ ಅಚ್ಚಿನಿಂದ ಹಿಮದ ಹರಳುಗಳನ್ನು ಒತ್ತಿ, ಕಪಾಟಿಗೆ ಹಾಸುವಂಥ ಆಯಿಲ್‌ಕ್ಲಾತಿನಿಂದ ತಾಯಿಯ ಉಡುಪು ಮಾಡಿದ ಈ ಪುಟಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ.

ಆದರೂ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ 1965ರ ಸೆಪ್ಟೆಂಬರ್‌ನಲ್ಲಿ ಸ್ಯಾಟರ್ಡೇ ರಿವ್ಯೂದಲ್ಲಿ ಬರೆದ ಲೇಖನದಲ್ಲಿ ಅದೇ ತಾಯಿಯ ಚಿತ್ರಣವನ್ನು ಹಳೆಯ ಪಡಿಯಚ್ಚೆಂದು ಟೀಕಿಸಿದರು. ಲೇಖನದ ತಿರುಳು ಮಾತ್ರ ಅಂಕಿಗಳಲ್ಲಿತ್ತು. 1962ರಿಂದ 1964ರವರೆಗೆ 63 ಪ್ರಕಾಶಕರು ತಂದ 5,206 ಮಕ್ಕಳ ಪುಸ್ತಕಗಳ ಪೈಕಿ ಒಬ್ಬರಾದರೂ ಕಪ್ಪು ವ್ಯಕ್ತಿ ಕಾಣಿಸಿದ್ದು 349ರಲ್ಲಿ, ಅಂದರೆ ಶೇ. 6.7ರಷ್ಟರಲ್ಲಿ. ಸಮಕಾಲೀನ ಅಮೆರಿಕದ ಕಪ್ಪು ಜನರ ಕಥೆ ಹೇಳುವವು ಶೇ. 1ನ್ನೂ ಮುಟ್ಟಲಿಲ್ಲ. ಅದೇ ವರ್ಷದ ಶಿಕ್ಷಣ ಕಾಯಿದೆಯಿಂದ ಶಾಲಾ ಗ್ರಂಥಾಲಯಗಳಿಗೆ ಕೇಂದ್ರ ಸರ್ಕಾರದ ಹಣ ಹರಿಯತೊಡಗಿದ್ದರಿಂದ, ಲ್ಯಾರಿಕ್ ಅವರ ಆಕ್ಷೇಪವನ್ನು ಪ್ರಕಾಶಕರು ಕೇಳಿಸಿಕೊಳ್ಳದೆ ವಿಧಿಯಿರಲಿಲ್ಲ.

1969ರಲ್ಲಿ ಮೇಬಲ್ ಮೆಕಿಸಿಕ್ ಮತ್ತು ಗ್ಲಿಂಡನ್ ಗ್ರಿಯರ್ ಎಂಬ ಇಬ್ಬರು ಗ್ರಂಥಪಾಲಕಿಯರು ಕಪ್ಪು ಲೇಖಕರಿಗಾಗಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿಯ ಹೆಸರಿನ ಕೊರೆಟಾ ಸ್ಕಾಟ್ ಕಿಂಗ್ ಪ್ರಶಸ್ತಿಯ ಯೋಚನೆ ಮುಂದಿಟ್ಟರು. ಅದು 1970ರಲ್ಲಿ ಮೊದಲ ಬಾರಿಗೆ ಪ್ರದಾನವಾಯಿತು. 1975ರಲ್ಲಿ ವರ್ಜೀನಿಯಾ ಹ್ಯಾಮಿಲ್ಟನ್, 1977ರಲ್ಲಿ ಮಿಲ್ಡ್ರೆಡ್ ಟೇಲರ್ ನ್ಯೂಬೆರಿ ಪಡೆದರು. 1954ರಿಂದ ವೈಲ್ಡರ್ ಹೆಸರಿನಲ್ಲಿದ್ದ ಜೀವಮಾನದ ಪ್ರಶಸ್ತಿಯ ಹೆಸರನ್ನು 2018ರಲ್ಲಿ ಬದಲಿಸಲಾಯಿತು. ಅವರ ಪುಸ್ತಕಗಳು ಈಗಲೂ ಮುದ್ರಣದಲ್ಲಿವೆ, ಅವುಗಳನ್ನು ಮಕ್ಕಳ ಜೊತೆ ಕುಳಿತು ಓದುವ ಹಿರಿಯರ ಹೊಣೆ ಈಗ ಹೆಚ್ಚಿದೆ.