ಅಸ್ಸೀರಿಯಾದ ಬಿಲ್ಲಿಗೆ ಈಜು ಬರುವುದಿಲ್ಲ

ಇತಿಹಾಸದ ಕಥೆ ಹೇಳುವ ವಿಡಿಯೊ ಗೇಮ್‌ಗಳಲ್ಲಿ ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ಸಾಮ್ರಾಜ್ಯ ಅಸ್ಸೀರಿಯಾದ ಬಿಲ್ಲಿಗೆ ಒಂದು ‘ಡ್ಯಾಮೇಜ್’ (ಪೆಟ್ಟಿನ ಬಲದ) ಅಂಕಿ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ನಾಯಕ ಅದನ್ನು ಹೆದೆ ಸಮೇತ ಬೆನ್ನಿಗೇರಿಸಿ ನದಿ ಈಜುತ್ತಾನೆ, ದಡ ಹತ್ತಿದವನೇ ಬಾಣ ಬಿಡುತ್ತಾನೆ. ಉಳಿದದ್ದನ್ನು ಕ್ಷಮಿಸಬಹುದು, ಈ ಈಜನ್ನು ಮಾತ್ರ ನನ್ನಿಂದಾಗದು.

ಆ ಬಿಲ್ಲು ನಿಂತಿರುವುದೇ ಅಂಟಿನ ಮೇಲೆ. ನಡುವೆ ಮರ, ಬಿಲ್ಲುಗಾರನ ಕಡೆಗೆ ಕೊಂಬಿನ ಪಟ್ಟಿ, ಗುರಿಯ ಕಡೆಗೆ ಪ್ರಾಣಿಗಳ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ) ನಾರು. ಮೂರನ್ನೂ ಹಿಡಿದಿಡುವುದು ಪ್ರಾಣಿಗಳ ಚರ್ಮ, ಸ್ನಾಯುರಜ್ಜು ಬೇಯಿಸಿ ತೆಗೆದ ಅಂಟು. ನೀರು ಕುಡಿದರೆ ಅದು ಮೆತ್ತಗಾಗುತ್ತದೆ.

ಬರೀ ಮರ ಸಾಲದೇ? ಯಾವುದೇ ಕೋಲು ಬಗ್ಗಿಸಿ ನೋಡಿ: ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಕೋಲು ಗಿಡ್ಡವಾದಷ್ಟೂ ಬೇಗ ಮುರಿಯುತ್ತದೆ. ಸ್ನಾಯುರಜ್ಜು ಮರಕ್ಕಿಂತ ಸುಮಾರು 4 ಪಟ್ಟು ಎಳೆತ ತಾಳುತ್ತದೆ, ಕೊಂಬು ಗಟ್ಟಿಮರದ ಸುಮಾರು 2 ಪಟ್ಟು ಒತ್ತಡ ತಾಳುತ್ತದೆ. ಹಿಗ್ಗುವ ಕಡೆ ಅದು, ಕುಗ್ಗುವ ಕಡೆ ಇದು. ಹೀಗಾಗಿ ರಥದಲ್ಲಿ ನಿಂತು ಹಿಡಿಯಬಹುದಾದ ಗಿಡ್ಡ ಬಿಲ್ಲನ್ನೂ ಉದ್ದಕ್ಕೆ ಎಳೆಯಬಹುದು.

ಇನ್ನೂ ಸೊಗಸಾದ ಸಂಗತಿಯಿದೆ. ಒಣಗುವಾಗ ಸ್ನಾಯುರಜ್ಜು ಕುಗ್ಗಿ ಇಡೀ ಬಿಲ್ಲನ್ನು ಹಿಮ್ಮುಖವಾಗಿ ಬಗ್ಗಿಸುತ್ತದೆ. ಅದನ್ನು ಮಣಿಸಿ ಈಚೆಗೆ ತಿರುಗಿಸಿಯೇ ಹೆದೆ ಏರಿಸಬೇಕು. (ಸೀತಾ ಸ್ವಯಂವರದಲ್ಲೂ ಪಣವಿದ್ದದ್ದು ಹೆದೆಯೇರಿಸುವುದಕ್ಕೇ ಹೊರತು ಗುರಿಗಲ್ಲ!) ಅಂದರೆ ಬಾಣ ಹೂಡುವ ಮುಂಚೆಯೇ ಬಿಲ್ಲಿನಲ್ಲಿ ಬಿಗಿ ತುಂಬಿರುತ್ತದೆ, ಮೊದಲ ಅಂಗುಲದಿಂದಲೇ ಕೈಗೆ ಭಾರ ಹತ್ತುತ್ತದೆ. ಕೂಡಿಬೀಳುವ ಶಕ್ತಿ ಕೊನೆಯ ಕ್ಷಣದ ಭಾರವೊಂದೇ ಅಲ್ಲ, ಎಳೆದ ದಾರಿಯುದ್ದಕ್ಕೂ ಹಾಕಿದ ಬಲದ ಲೆಕ್ಕ. ಪೂರ್ತಿ ಎಳೆದಾಗ ಒಂದೇ ಭಾರ ತೋರುವ ಎರಡು ಬಿಲ್ಲುಗಳು ಬೇರೆ ಬೇರೆ ವೇಗದಲ್ಲಿ ಬಾಣ ಚಿಮ್ಮಿಸುವುದಕ್ಕೆ ಇದೂ ಒಂದು ಕಾರಣ. ಗೇಮಿನ ಅಂಕಿಯಲ್ಲಿ ಇದೆಲ್ಲ ಎಲ್ಲಿದೆ?

ಅಸ್ಸೀರಿಯಾದ ರಾಜಧಾನಿಯಾಗಿದ್ದ ನಿನೆವೆಯ ಅರಮನೆಗಳ ಅನೇಕ ಉಬ್ಬುಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಹೆದೆ ಏರಿಸಿದ ಬಿಲ್ಲು ಅಲ್ಲಿ ಚಪ್ಪಟೆ ತ್ರಿಕೋನ, ಎಳೆದಾಗ ದುಂಡನೆಯ ಕಮಾನು. ತುದಿಗಳಲ್ಲಿ ಹಕ್ಕಿಯ ತಲೆ ಕೆತ್ತಿರುವುದೂ ಉಂಟು. ಅಸ್ಸೀರಿಯಾದ ರಾಜ ಸೆನ್ನಾಖೆರಿಬ್ ಕ್ರಿ.ಪೂ. 701ರಲ್ಲಿ ಯೆಹೂದ ರಾಜ್ಯದ ಲಾಖೀಷ್ ನಗರಕ್ಕೆ ಮುತ್ತಿಗೆ ಹಾಕಿದ ದೃಶ್ಯವೂ ಅಲ್ಲಿದೆ, ಆಳೆತ್ತರದ ಗುರಾಣಿಯ ಮರೆಯಲ್ಲಿ ಬಿಲ್ಲುಗಾರರು ನಿಂತಿದ್ದಾರೆ. ಆ ಊರನ್ನು ಅಗೆದಾಗ ನೂರಾರು ಬಾಣದ ಮೊನೆಗಳು ಸಿಕ್ಕವು.

ಇನ್ನೊಂದು ಶಿಲ್ಪದಲ್ಲಿ ಒಂದೇ ಬಿಲ್ಲಿಗೆ ಹೆದೆ ಏರಿಸಲು ಇಬ್ಬರು ಹೆಣಗುತ್ತಿದ್ದಾರೆ. ಗೇಮ್ ಮಾಡುವವರು ಮುಂದಿನ ಆವೃತ್ತಿಯಲ್ಲಿ ಡ್ಯಾಮೇಜ್ ಹೆಚ್ಚಿಸುವುದು ಬಿಟ್ಟು, ಜೊತೆಗೊಬ್ಬನನ್ನು ಕರೆಯುವ ಬಟನ್ ಕೊಡಲಿ.