ಸರ್ಚ್ ಅಂಕಕ್ಕೆ ಪಾಸ್ ಮಾರ್ಕ್ ಇಡಬೇಡಿ

ಒಂದು ಗ್ರಂಥಾಲಯದಿಂದ ಫೋನ್ ಬಂತು. "ಸರ್, ‘ಕನ್ನಡ’ ಅಂತ ಹುಡುಕಿದರೆ ಒಂದೂ ಪುಸ್ತಕ ಬರುತ್ತಿಲ್ಲ." ಕಪಾಟಿನ ತುಂಬಾ ಕನ್ನಡ ಪುಸ್ತಕ ಇರುವ ಜಾಗ ಅದು! ಹೋಗಿ ನೋಡಿದೆ. ಸೆಟ್ಟಿಂಗ್‌ನಲ್ಲಿ ಯಾರೋ ಒಂದು ಸಾಲು ಸೇರಿಸಿದ್ದರು: ಅಂಕ 2ಕ್ಕಿಂತ ಕಡಿಮೆ ಇದ್ದರೆ ತೋರಿಸಬೇಡ.

ಇದನ್ನು ಎಷ್ಟು ಕಡೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಸರ್ಚ್ ಎಂಜಿನ್ ಕೊಡುವ ಅಂಕ ನೂರಕ್ಕೆ ಇಷ್ಟು ಅಂತ ಇರುವುದಿಲ್ಲ. ಒಂದೇ ಹುಡುಕಾಟದ ಒಳಗೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಹೇಳುವುದಷ್ಟೇ ಅದರ ಕೆಲಸ.

ಅಲ್ಲಿ ಅಂಕ ಲೆಕ್ಕ ಹಾಕುತ್ತಿದ್ದದ್ದು ಬಿಎಂ25 ಎಂಬ ಸೂತ್ರ. 1994ರ ಹೊತ್ತಿಗೆ ಲಂಡನ್ನಿನ ಸಿಟಿ ಯೂನಿವರ್ಸಿಟಿಯಲ್ಲಿ ಸ್ಟೀಫನ್ ರಾಬರ್ಟ್‌ಸನ್ ಮತ್ತು ಜೊತೆಗಾರರು ರೂಪಿಸಿದ್ದು. ಎಲಾಸ್ಟಿಕ್‌ಸರ್ಚ್ ಎಂಬ ಸರ್ಚ್ ಸಾಫ್ಟ್‌ವೇರ್‌ನಲ್ಲಿ ನೀವು ಏನೂ ಬದಲಿಸದಿದ್ದರೆ ಇದೇ ಓಡುತ್ತದೆ. ಹುಡುಕಿದ ಪ್ರತಿ ಪದಕ್ಕೂ ಎರಡು ಸಂಖ್ಯೆ ಗುಣಿಸಿ, ಬಂದದ್ದನ್ನೆಲ್ಲ ಕೂಡುತ್ತದೆ. ಮೊದಲನೆಯದು, ಪದ ಎಷ್ಟು ಅಪರೂಪ. ಎರಡನೆಯದು, ಈ ಪುಸ್ತಕದ ವಿವರದಲ್ಲಿ ಅದು ಎಷ್ಟು ಸಲ ಬಂದಿದೆ, ವಿವರ ಎಷ್ಟು ಉದ್ದ ಎಂಬುದರ ಲೆಕ್ಕ.

ಗ್ರಂಥಪಾಲಕರು ಹಳೆಯ ಕ್ಯಾಟಲಾಗ್ ಕಾರ್ಡೊಂದನ್ನು ಮಗುಚಿ ಪೆನ್ಸಿಲ್ ಕೊಟ್ಟರು. ಒಟ್ಟು 10,000 ಪುಸ್ತಕ ಅಂತ ಹಿಡಿಯೋಣ ಎಂದೆ. ‘ಕನ್ನಡ’ 6,000 ಪುಸ್ತಕಗಳ ವಿವರದಲ್ಲಿದೆ. ಅದರ ಅಪರೂಪದ ಲೆಕ್ಕ ಬರೀ 0.51. ‘ಜೇನು’ 20ರಲ್ಲಿ ಮಾತ್ರ ಇದೆ. ಅದಕ್ಕೆ 6.19. ಎರಡನೆಯ ಸಂಖ್ಯೆ ಪದ ಎಷ್ಟೇ ಸಲ ಬಂದರೂ 2.2 ದಾಟುವುದಿಲ್ಲ. (ಕೆಲವು ಆವೃತ್ತಿಗಳಲ್ಲಿ ಈ ಮಿತಿ 1. ನಿಮ್ಮದರಲ್ಲಿ ಎಷ್ಟು ಅಂತ ನೋಡಿಕೊಳ್ಳಿ.) ಅಂದರೆ ‘ಕನ್ನಡ’ ಅಂತ ಹುಡುಕಿದರೆ ಯಾವ ಪುಸ್ತಕಕ್ಕೂ 1.12ಕ್ಕಿಂತ ಜಾಸ್ತಿ ಸಿಗುವುದೇ ಇಲ್ಲ. ಗೆರೆ ಹಾಕಿದ್ದು 2ಕ್ಕೆ. ಪುಟ ಖಾಲಿಯಾಗದೆ ಇನ್ನೇನಾಗುತ್ತದೆ?

ಅವರು ಕಾರ್ಡನ್ನೇ ನೋಡುತ್ತಾ ಕೂತರು. "ಹಾಗಾದರೆ 0.5 ಬಂದ ಪುಸ್ತಕವೂ ಸರಿಯಾದ ಪುಸ್ತಕವೇ ಅಲ್ವಾ?" ಅದೇ, ಅದೇ! ಇನ್ನೂ ಒಂದು ಮಾತಿದೆ. ಪದ ಜಾಸ್ತಿಯಾದಂತೆ ಅಂಕಗಳು ಕೂಡಿಕೊಳ್ಳುತ್ತಾ ಹೋಗುತ್ತವೆ. ಹಾಗಾಗಿ ನಾಲ್ಕು ಪದದ ಹುಡುಕಾಟದ 9ನ್ನೂ ಒಂದು ಪದದ 3ನ್ನೂ ಪಕ್ಕಪಕ್ಕ ಇಟ್ಟು ನೋಡಬೇಡಿ. ಸಾವಿರ ಪುಸ್ತಕ ಹೊಸದಾಗಿ ಸೇರಿಸಿದರೆ ಹಳೆಯವುಗಳ ಅಂಕವೂ ಕದಲುತ್ತದೆ.

ಆ ಸಾಲು ಹಾಕಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ‘ಜೇನು ಪುಸ್ತಕ’ ಅಂತ ಹುಡುಕಿದವರಿಗೆ ಕೊನೆಯಲ್ಲಿ ಅಡುಗೆ ಪುಸ್ತಕ, ಜಾತಕದ ಪುಸ್ತಕ ಎಲ್ಲಾ ಬರುತ್ತಿದ್ದವು. ಅವುಗಳ ಅಂಕ 1.2ರ ಆಸುಪಾಸು. ಓದುಗರಿಗೆ ತೊಂದರೆಯಾಗದಿರಲಿ ಅಂತಲೇ 2ಕ್ಕೆ ಗೆರೆ ಎಳೆದಿದ್ದರು. ನಾವು ಆ ಗೆರೆ ಅಳಿಸಿ, ‘ಪುಸ್ತಕ’ ಎಂಬ ಪದವನ್ನು ಹುಡುಕಾಟದಲ್ಲಿ ಲೆಕ್ಕಕ್ಕೆ ಹಿಡಿಯದಂತೆ ಮಾಡಿದೆವು. ಗ್ರಂಥಾಲಯದಲ್ಲಿ ಆ ಪದದಿಂದ ಏನು ತಿಳಿಯುತ್ತದೆ? ನಿಮ್ಮಲ್ಲಿ ಬೇರೆ ಪದ ಇರಬಹುದು, ಸುಮ್ನೆ ಇದನ್ನೇ ನಕಲು ಮಾಡಬೇಡಿ.

ಆಮೇಲೆ ಅವರೇ ‘ಜೇನಿನ’ ಅಂತ ಟೈಪ್ ಮಾಡಿದರು. ಮೂರೇ ಪುಸ್ತಕ ಬಂದವು, ಅಂಕ ಮಾತ್ರ ‘ಜೇನು’ಗಿಂತ ಮೇಲೆ. ಜೇನು, ಜೇನಿನ, ಜೇನಿಗೆ ಮೂರನ್ನೂ ಯಂತ್ರ ಬೇರೆ ಬೇರೆ ಪದ ಅಂತ ಎಣಿಸಿತ್ತು. ಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಅಪರೂಪವೇ. ಅವರು ಪೆನ್ಸಿಲ್ ಮತ್ತೆ ನನ್ನ ಕಡೆ ಚಾಚಿದರು.