ಓದುಗರ ಪ್ರಶ್ನೆ: ಸರ್ಕಾರ ಸುಮ್ಮನಿದ್ದರೆ ದೇಶ ನಡೆಯುತ್ತಾ?

ಪ್ರಶ್ನೆ: ಏನೂ ಮಾಡದೆ ಆಳುವವನೇ ಒಳ್ಳೆಯ ರಾಜ ಅಂತ ಚೀನಾದ ಲಾವೋ ತ್ಸು ಹೇಳಿದ್ದಾನಂತೆ. ಈ ಕಾಲಕ್ಕೆ ಇದು ನಡೆಯುತ್ತಾ? ಸರ್ಕಾರ ಕೈಕಟ್ಟಿ ಕೂತರೆ ರಸ್ತೆ ಹಾಕೋರು ಯಾರು? ನಮ್ಮ ದಿನನಿತ್ಯದ ಬದುಕಿಗಾದರೂ ಇದರಿಂದ ಉಪಯೋಗ ಇದೆಯಾ?

ಉತ್ತರ: ಕೈಕಟ್ಟಿ ಕೂರಿ ಅಂತ ಆ ಮಾತಿನ ಅರ್ಥ ಅಲ್ಲ. ಸರಿಯಾಗಿ ನಡೀತಿರೋದನ್ನು ಕೆದಕಬೇಡಿ ಅಂತ. ಲಾವೋ ತ್ಸುವಿನದು ಎನ್ನುವ 'ದಾವ್ ದೆ ಜಿಂಗ್' ಪುಸ್ತಕದ 60ನೇ ಅಧ್ಯಾಯ ಶುರುವಾಗುವುದೇ ಹೀಗೆ: ದೊಡ್ಡ ರಾಜ್ಯ ಆಳುವುದೆಂದರೆ ಸಣ್ಣ ಮೀನು ಬೇಯಿಸಿದ ಹಾಗೆ. ಕಾವಲಿ ಮೇಲೆ ಬೂತಾಯಿ ಹುರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುಚುತ್ತಲೇ ಇದ್ದರೆ ಮೀನು ಪುಡಿಪುಡಿ. ಹಾಗಂತ ಒಲೆ ಹಚ್ಚದೆ ಇರೋಕಾಗಲ್ಲ, ಅಲ್ವಾ?

1988ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ತಮ್ಮ ವಾರ್ಷಿಕ ಭಾಷಣದಲ್ಲಿ ಇದೇ ಸಾಲು ಹೇಳಿದ್ದರು. ಸರ್ಕಾರ ಚಿಕ್ಕದಾಗಿರಬೇಕು ಅನ್ನೋದು ಅವರ ವಾದ. ನನಗೆ ಅದು ಅರ್ಧ ಓದು ಅನಿಸುತ್ತದೆ. ಯಾಕೆಂದರೆ ಈ ವಿಚಾರವನ್ನು ನಿಜವಾಗಿ ಆಡಳಿತಕ್ಕೆ ತಂದ ಚೀನಾದ ಹಾನ್ ರಾಜವಂಶದವರ ಕಥೆಯೇ ಬೇರೆ ಇದೆ.

ಅವರಿಗಿಂತ ಮೊದಲಿದ್ದ ಚಿನ್ ವಂಶ ಜನರನ್ನು ಬಿಟ್ಟಿ ದುಡಿಮೆಯಲ್ಲಿ, ಕಠಿಣ ಕಾನೂನಿನಲ್ಲಿ ಅರೆದು ಹಾಕಿತ್ತು. ಕ್ರಿ.ಪೂ. 221ರಲ್ಲಿ ಇಡೀ ಚೀನಾ ಗೆದ್ದವರು 15 ವರ್ಷದಲ್ಲೇ ಇಲ್ಲವಾದರು. ಆಮೇಲೆ ಬಂದ ಹಾನ್ ದೊರೆಗಳ ಮೊದಲ ಪ್ರಧಾನಿ ಶಿಯಾವ್ ಹೆ ಕಾನೂನನ್ನೆಲ್ಲ ಕ್ರಮಕ್ಕೆ ತಂದ. ಕ್ರಿ.ಪೂ. 193ರಲ್ಲಿ ಅವನು ತೀರಿಕೊಂಡಾಗ ತ್ಸಾವ್ ಶೆನ್ ಆ ಜಾಗಕ್ಕೆ ಬಂದ. ಬಂದವನು ಒಂದು ನಿಯಮವನ್ನೂ ಬದಲಿಸಲಿಲ್ಲ. ಹಗಲೂ ರಾತ್ರಿ ಕುಡಿಯುತ್ತಿದ್ದ. ಬುದ್ಧಿ ಹೇಳಲು ಬಂದವರಿಗೂ ಕುಡಿಸಿ ಕಳಿಸುತ್ತಿದ್ದ!

ಹಾನ್ ವಂಶ ಕಟ್ಟಿದ ದೊರೆಯ ಮಗನಾದ ಯುವ ಚಕ್ರವರ್ತಿ ಹುಯಿಗೆ ಕಸಿವಿಸಿ. ತ್ಸಾವ್ ಶೆನ್‌ನ ಮಗನ ಕೈಲೇ ಕೇಳಿಸಿದ. ಅಪ್ಪ ಮಗನಿಗೆ 200 ಏಟು ಕೊಟ್ಟ. ಕೊನೆಗೆ ಚಕ್ರವರ್ತಿಯೇ ಕೇಳಿದಾಗ ತ್ಸಾವ್ ಶೆನ್ ಟೋಪಿ ತೆಗೆದು ಕ್ಷಮೆ ಕೇಳಿ, ತಿರುಗಿ ಪ್ರಶ್ನೆ ಹಾಕಿದ. ನಿಮ್ಮ ತಂದೆ ದೊಡ್ಡವರೋ, ನೀವೋ? ತಂದೆ. ಶಿಯಾವ್ ಹೆ ಜಾಣನೋ, ನಾನೋ? ನೀವು ಸ್ವಲ್ಪ ಕಡಿಮೆ ಅನಿಸುತ್ತೆ. ಸರಿ ಹಾಗಾದರೆ, ಅವರಿಬ್ಬರೂ ಮಾಡಿಟ್ಟ ಕಾನೂನು ಚೆನ್ನಾಗಿದೆ, ನಾವು ಅದನ್ನು ಕೆಡಿಸದೆ ನಡೆಸಿಕೊಂಡು ಹೋದರೆ ಸಾಲದೇ?

ಕುಡಿತದ ಕಥೆ ರುಚಿಯಾಗಿದೆ. ಆದರೆ ಇದೇ ತ್ಸಾವ್ ಶೆನ್ ಹೆಸರು ಗಳಿಸುವ ಹುಚ್ಚಿನ ಅಧಿಕಾರಿಗಳನ್ನು ಹುಡುಕಿ ಮನೆಗೆ ಕಳಿಸಿದ್ದ. ಅದು ಕೆಲಸವೇ. ಮುಂದೆ ಬಂದ ವೆನ್ ಚಕ್ರವರ್ತಿಯೂ ಹಾಗೆಯೇ. ಒಂದು ಜಗಲಿ ಕಟ್ಟಿಸಲು ಹೊರಟವನು, ಅದರ ಖರ್ಚು ಹತ್ತು ಮಧ್ಯಮ ಕುಟುಂಬಗಳ ಆಸ್ತಿಯಷ್ಟು ಅಂತ ಗೊತ್ತಾಗಿ ಕೈಬಿಟ್ಟ. ಕ್ರಿ.ಪೂ. 167ರಲ್ಲಿ ಅಂಗ ಕತ್ತರಿಸುವ ಶಿಕ್ಷೆಗಳನ್ನು ರದ್ದು ಮಾಡಿದ. ಅಂದರೆ ಮೇಲಿದ್ದವರು ತಮ್ಮ ಆಸೆಗೆ ಕಡಿವಾಣ ಹಾಕಿದರು, ಜನರ ಮೇಲಿನ ಹೊರೆ ಇಳಿಸಿದರು. ಬಂದ ಕೂಡಲೇ ಹಳೆಯ ಯೋಜನೆಗೆ ಹೊಸ ಹೆಸರಿಡುವ ಈಗಿನ ಮಂತ್ರಿಗಳು ತ್ಸಾವ್ ಶೆನ್‌ನ ಎರಡು ಪ್ರಶ್ನೆ ಕೇಳಿಕೊಂಡರೆ ಎಷ್ಟೋ ದುಡ್ಡು ಉಳಿದೀತು.

ಇದಕ್ಕೆ ಬೆಲೆಯೂ ತೆರಬೇಕಾಯಿತು. ಸಾಮಂತ ರಾಜರನ್ನು ಅವರ ಪಾಡಿಗೆ ಬಿಟ್ಟದ್ದರಿಂದ ಅವರು ಕೊಬ್ಬಿದರು. ಅವರ ನೆಲ ಮೊಟಕು ಮಾಡಲು ಹೊರಟಾಗ, ಕ್ರಿ.ಪೂ. 154ರಲ್ಲಿ, 7 ರಾಜ್ಯಗಳು ಒಟ್ಟಿಗೆ ದಂಗೆ ಎದ್ದವು.

ಮನೆಯ ವಿಷಯಕ್ಕೆ ಬಂದರೆ ನನಗೆ ಲಾವೋ ತ್ಸುಗಿಂತ ಮೆನ್ಸಿಯಸ್ ಹೆಚ್ಚು ಹತ್ತಿರ. ಅವನೂ ಚೀನಾದ ಹಳೆಯ ಚಿಂತಕ, ಕನ್ಫ್ಯೂಶಿಯಸ್ ಪಂಥದವನು, ಆದರೂ ಇಲ್ಲಿ ಇಬ್ಬರ ಮಾತೂ ಕೂಡುತ್ತದೆ. ಮೆನ್ಸಿಯಸ್ ಹೇಳುವ ಕಥೆ ಇದು: ಸೋಂಗ್ ರಾಜ್ಯದ ಒಬ್ಬ ರೈತನಿಗೆ ಪೈರು ಬೇಗ ಬೆಳೀತಿಲ್ಲ ಅಂತ ಚಿಂತೆ. ಒಂದೊಂದೇ ಸಸಿಯನ್ನು ಮೇಲಕ್ಕೆ ಎಳೆದ. 'ಇವತ್ತು ಸುಸ್ತಾಯ್ತು, ಪೈರು ಬೆಳೆಯೋಕೆ ಸಹಾಯ ಮಾಡಿದೆ' ಅಂತ ಮನೆಗೆ ಬಂದು ಹೇಳಿದ. ಮಗ ಓಡಿಹೋಗಿ ನೋಡಿದರೆ ಎಲ್ಲ ಬಾಡಿದೆ.

ಒಂದನೇ ಕ್ಲಾಸಿನ ಮಗುವಿಗೆ ಮೂರು ಟ್ಯೂಷನ್ ಹಾಕುವುದು, ಕೆಲಸ ಒಪ್ಪಿಸಿ ಗಂಟೆಗೊಮ್ಮೆ ಎಲ್ಲಿಗೆ ಬಂತು ಅಂತ ಮೆಸೇಜ್ ಮಾಡುವುದು ಇದೇ ಜಾತಿ. ಆದರೆ ಮೆನ್ಸಿಯಸ್ ಅದೇ ಜಾಗದಲ್ಲಿ ಕಳೆ ಕೀಳದ ರೈತನನ್ನೂ ಬೈಯುತ್ತಾನೆ. ಮಗುವಿಗೆ ಬೋರ್ಡಿನ ಅಕ್ಷರ ಕಾಣುತ್ತಿಲ್ಲ ಅಂತ ಗೊತ್ತಿದ್ದೂ ಕಣ್ಣು ಪರೀಕ್ಷೆ ಮಾಡಿಸದೆ, 'ತಾನಾಗೇ ಕಲಿಯುತ್ತೆ ಬಿಡಿ' ಅನ್ನುವವರು ಆ ಎರಡನೇ ರೈತನ ಲೆಕ್ಕಕ್ಕೆ ಸೇರುತ್ತಾರೆ.